ಊರಿನ ಹತ್ತು ಮನೆ ಸೇರಿ ವಂಶಾವಳಿ ಹುಡುಕುವುದು ಹೇಗೆ

ಮುತ್ತಜ್ಜನ ಅಪ್ಪನ ಹೆಸರೇನು ಅಂತ ಕೇಳಿದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ತಲೆ ಕೆರೆದುಕೊಳ್ಳುತ್ತೇವೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಬಾಯಿಗೆ ಬರುತ್ತದೆ. ಅಲ್ಲಿಗೆ ಮುಗೀತು.

ನಾನು ಮೊದಲ ಎರಡು ವರ್ಷ ಒಬ್ಬನೇ ಹುಡುಕಿದೆ. ಸಿಕ್ಕಿದ್ದು ಆರು ಹೆಸರು, ಒಂದು ಹರಿದ ಕ್ರಯಪತ್ರ. ಆಮೇಲೆ ಒಂದು ದಿನ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದವರು ನಮ್ಮೂರಿನದೇ ಹಳೆ ಪುಸ್ತಕ ಕೇಳುತ್ತಿದ್ದರು. ಮಾತಾಡಿದರೆ ಅವರೂ ಅವರ ವಂಶ ಹುಡುಕುತ್ತಾ ಅಲೆಯುತ್ತಿದ್ದಾರೆ! ಇಬ್ಬರೂ ಒಂದೇ ಪುಟಕ್ಕೆ ಬೇರೆ ಬೇರೆ ಅರ್ಜಿ ಕೊಟ್ಟಿದ್ದೆವು. ಅವತ್ತು ಅರ್ಥವಾಯಿತು. ನಮ್ಮ ಕಡೆ ದಾಖಲೆಗಳು ಮನೆತನದ ಹೆಸರಲ್ಲಿ ಇರುವುದಿಲ್ಲ, ಊರಿನ ಹೆಸರಲ್ಲಿ, ಸರ್ವೆ ನಂಬರಿನಲ್ಲಿ ಇರುತ್ತವೆ. ನಿಮ್ಮ ತಾತನನ್ನು ಹುಡುಕಲು ತೆಗೆದ ಪುಟದಲ್ಲೇ ಪಕ್ಕದ ಮನೆಯವರ ತಾತ ಕೂತಿರುತ್ತಾನೆ. ಹಾಗಾಗಿ ಸೇರಿ ಹುಡುಕುವುದೇ ಲಾಭ.

ಇಂಗ್ಲೆಂಡಿನಲ್ಲಿ ಇಂಥ ಸಂಘಗಳು ಊರೂರಿಗೆ ಇವೆ. ಚರ್ಚಿನ ಹಳೆ ಪುಸ್ತಕ, ಸಮಾಧಿ ಕಲ್ಲಿನ ಬರಹ ಎಲ್ಲವನ್ನೂ ನಕಲು ಮಾಡಿಡುತ್ತಾರೆ. ಭಾರತದಲ್ಲಿದ್ದ ಬ್ರಿಟಿಷರ ಮನೆತನಗಳಿಗೇ ಅಂತ 1998ರಲ್ಲಿ ಶುರುವಾದ ಸಂಘವೊಂದಿದೆ. ಕೋಲಾರದ ಗಣಿ, ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದವರ ಮೊಮ್ಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಹಳ್ಳಿಗಳಿಗೆ ಅಂಥದ್ದು ನಾವೇ ಕಟ್ಟಿಕೊಳ್ಳಬೇಕು. ನಮ್ಮದು ತುಮಕೂರು ಕಡೆಯ ಬಯಲುಸೀಮೆಯ ಒಂದು ಹೋಬಳಿ. ನಾವು ಮಾಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ, ತಪ್ಪುಗಳನ್ನೂ ಸೇರಿಸಿ.

ಮೊದಲು ಜನ ಸೇರಿಸಿ

ಆರರಿಂದ ಹತ್ತು ಜನ ಸಾಕು. ಒಂದೇ ಊರಿನವರಾದರೆ ಒಳ್ಳೆಯದು. ಆಗದಿದ್ದರೆ ಅಕ್ಕಪಕ್ಕದ ನಾಲ್ಕು ಊರು. ಹಳೆ ಕೈಬರಹ ಓದಬಲ್ಲ ಒಬ್ಬರು ಬೇಕೇ ಬೇಕು. ನಿವೃತ್ತ ಮೇಷ್ಟ್ರೋ, ಶಾನುಭೋಗರ ಮನೆಯವರೋ ಸಿಗುತ್ತಾರೆ. ಫೋನಿನಲ್ಲಿ ಸ್ಕ್ಯಾನ್ ಮಾಡಲು ಒಬ್ಬ ಹುಡುಗನೋ ಹುಡುಗಿಯೋ ಇರಲಿ. ಎಲ್ಲಾ ಕೇರಿಯವರೂ ಇರಲಿ. ಒಂದೇ ಜಾತಿಯವರು ಸೇರಿದರೆ ಅದು ಬೇಗ ಜಾತಿ ಸಂಘವಾಗಿಬಿಡುತ್ತದೆ, ಆಮೇಲೆ ಊರಿನ ಅರ್ಧ ಕಥೆ ಕೈಗೆ ಸಿಗುವುದಿಲ್ಲ. ಹೆಂಗಸರು ಕನಿಷ್ಠ ಅರ್ಧ ಇರಲಿ, ಕಾರಣ ಮುಂದೆ ಗೊತ್ತಾಗುತ್ತದೆ.

ನೋಂದಣಿ ಈಗಲೇ ಬೇಡ. ದುಡ್ಡು ಸಂಗ್ರಹಿಸುವ ಹಂತ ಬಂದಾಗ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಮಾಡಿಸಿಕೊಳ್ಳಬಹುದು. ಅದಕ್ಕೆ ಏಳು ಜನ ಬೇಕು. ಸದ್ಯಕ್ಕೆ ತಿಂಗಳಿಗೊಂದು ಭಾನುವಾರ, ಒಂದು ಜಗುಲಿ, ಒಂದು ದಪ್ಪ ನೋಟ್‌ಬುಕ್.

ಮೊದಲ ದಿನವೇ ಒಂದು ನಿಯಮ ಬರೆದು ಎಲ್ಲರೂ ಸಹಿ ಹಾಕಿ: ಇಲ್ಲಿ ಸಿಕ್ಕ ಮಾಹಿತಿಯನ್ನು ಆಸ್ತಿ ಜಗಳಕ್ಕೆ ಬಳಸುವುದಿಲ್ಲ ಅಂತ. ಇದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ, ನಿಜ. ಆದರೆ ಊರಿನಲ್ಲಿ ಬೆಲೆ ಇದೆ. ನೀವು ಯಾರ ಮನೆಗೆ ಹೋಗಿ "ನಿಮ್ಮ ತಾತನಿಗೆ ಎಷ್ಟು ಜನ ಮಕ್ಕಳು?" ಅಂತ ಕೇಳಿದರೂ ಅವರ ತಲೆಗೆ ಮೊದಲು ಬರುವುದು, ಇವನು ಪಾಲು ಕೇಳೋಕೆ ಬಂದಿದಾನಾ ಅಂತ. ಒಂದು ಮನೆಯಲ್ಲಿ ನನಗೆ ಕಾಫಿ ಕೂಡ ಕೊಡದೆ ಕಳಿಸಿದರು. ಮುಂದಿನ ತಿಂಗಳು ಅದೇ ಮನೆಯ ಅಳಿಯನನ್ನು ಗುಂಪಿಗೆ ಸೇರಿಸಿಕೊಂಡು ಹೋದೆವು, ಊಟವೇ ಆಯಿತು.

ಮನೆಯಲ್ಲೇ ಇರುವುದನ್ನು ನೋಡಿ

ಕಚೇರಿಗೆ ಓಡುವ ಮೊದಲು ಅಟ್ಟ ಹತ್ತಿ. ಟ್ರಂಕಿನ ತಳದ ಕಾಗದ, ಹಳೆ ಲಗ್ನಪತ್ರಿಕೆ, ಫೋಟೋ ಹಿಂದಿನ ಸ್ಟುಡಿಯೋ ಮುದ್ರೆ, ಎಲ್ಲಾ ತೆಗೆಯಿರಿ. ಹಿತ್ತಾಳೆ, ಸ್ಟೀಲು ಪಾತ್ರೆಗಳನ್ನು ತಿರುಗಿಸಿ ನೋಡಿ. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಮದುವೆಯ ತಾರೀಕನ್ನೂ ಕೆತ್ತಿಸಿರುತ್ತಾರೆ. ನನ್ನ ಅಜ್ಜಿಯ ತವರೂರು ನಮಗೆ ಖಚಿತವಾಗಿದ್ದು ಒಂದು ಕೊಳಗದ ಕಂಠದಿಂದ.

ಎಲ್ಲಕ್ಕಿಂತ ದೊಡ್ಡ ನಿಧಿ ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆದಿಡುವ ಆ ಉದ್ದನೆಯ ಪುಸ್ತಕ. ಅದರಲ್ಲಿ ಹೆಸರು, ಊರು, ಕೆಲವು ಕಡೆ ಸಂಬಂಧವೂ ಇರುತ್ತದೆ. ಎರಡು ರೂಪಾಯಿ ಮುಯ್ಯಿ ಹಾಕಿದವನು ದೂರದವನು, ಸೀರೆ ಪಂಚೆ ತಂದವನು ಹತ್ತಿರದವನು. ಹತ್ತು ಮನೆಯ ಮುಯ್ಯಿ ಪುಸ್ತಕ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಹೋಬಳಿಯ ನಂಟಸ್ತಿಕೆ ಪೂರ್ತಿ ಕಾಣುತ್ತದೆ. ನಮ್ಮ ಗುಂಪಿನ ಮೊದಲ ಆರು ತಿಂಗಳು ಬರೀ ಇದೇ ಕೆಲಸ.

ಜಾತಕ ಸಿಕ್ಕರೆ ಸಂವತ್ಸರ ನೋಡಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಅದು ನೆನಪಿರಲಿ. ಪ್ರಭವ ಅಂದರೆ 1867, 1927, 1987ರ ಯುಗಾದಿಯಿಂದ ಶುರು. ಅಲ್ಲಿಂದ ಎಣಿಸಿಕೊಂಡು ಹೋಗಿ. ದುಂದುಭಿ ಅಂದರೆ 1922-23 ಇರಬೇಕು, ಇಲ್ಲಾ 1982-83. ಅಜ್ಜಿಯ ಜಾತಕವಾದರೆ ಯಾವುದು ಅಂತ ಹೇಳಬೇಕಾಗಿಲ್ಲ ಅಲ್ವಾ? ಶಾಲಿವಾಹನ ಶಕ ಬರೆದಿದ್ದರೆ ಇನ್ನೂ ಸುಲಭ, ಅದಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿ ತನಕ ಹುಟ್ಟಿದವರಿಗೆ 79.

ಹಿರಿಯರನ್ನು ಮಾತಾಡಿಸುವ ರೀತಿ

ಇಸವಿ ಕೇಳಬೇಡಿ. "ಯಾವ ವರ್ಷ ಅಜ್ಜಿ ನಿನ್ನ ಮದುವೆ?" ಅಂದರೆ "ಯಾರಿಗೆ ಗೊತ್ತಪ್ಪ" ಅಂತಲೇ ಬರುತ್ತದೆ. "ಗಾಂಧಿ ಸತ್ತ ಸುದ್ದಿ ಬಂದಾಗ ನಿನಗೆ ಮದುವೆ ಆಗಿತ್ತಾ?" ಅಂತ ಕೇಳಿ. 1948ರ ಜನವರಿಗೆ ಹಿಂದೆಯೋ ಮುಂದೆಯೋ ತಕ್ಷಣ ಗೊತ್ತಾಗುತ್ತದೆ. ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ಕೆರೆ ಒಡೆದಿದ್ದು, ಊರಿಗೆ ಕರೆಂಟು ಬಂದಿದ್ದು, ಹೀಗೆ ಊರಿನದೇ ಗುರುತುಗಳ ಒಂದು ಪಟ್ಟಿ ಮೊದಲು ಮಾಡಿಕೊಳ್ಳಿ. ಆ ಪಟ್ಟಿ ಇಡೀ ಗುಂಪಿಗೆ ಉಪಯೋಗ.

ಗಂಡಸರನ್ನು ಕೇಳಿದರೆ ಜಮೀನು ಹೇಳುತ್ತಾರೆ, ಹೆಂಗಸರನ್ನು ಕೇಳಿದರೆ ಜನ ಹೇಳುತ್ತಾರೆ. ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಮಗು ಹೋಯಿತು, ಮೊದಲ ಹೆಂಡತಿ ಯಾರು, ಎಲ್ಲಾ ಅವರ ಬಾಯಲ್ಲಿದೆ. ಸರ್ಕಾರಿ ಕಾಗದದಲ್ಲಿ ಇಲ್ಲದ ಹೆಣ್ಣುಮಕ್ಕಳು ಅಲ್ಲಿ ಮಾತ್ರ ಸಿಗುತ್ತಾರೆ. ಹೆಂಗಸರು ಗುಂಪಿನಲ್ಲಿ ಬೇಕು ಅಂದಿದ್ದು ಇದಕ್ಕೇ. ಅಡುಗೆಮನೆಗೆ ಹೋಗಿ ಅವರೆಕಾಯಿ ಸುಲಿಯುತ್ತಾ ಕೇಳುವ ಪ್ರಶ್ನೆಗೆ ಬರುವ ಉತ್ತರ, ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೇಳಿದರೆ ಬರುವುದಿಲ್ಲ.

ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಒಂದೇ ಸಲಕ್ಕೆ ಮುಗಿಸಬೇಡಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೋಗಿ, ಅಷ್ಟರಲ್ಲಿ ಅವರಿಗೇ ಏನೇನೋ ನೆನಪಾಗಿರುತ್ತದೆ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಅಲ್ಲೇ ಕೂತು ತೀರ್ಪು ಕೊಡಲು ಹೋಗಬೇಡಿ.

ಹೆಳವರು ಮತ್ತು ಮನೆದೇವರು

ನಮ್ಮಲ್ಲಿ ವಂಶಾವಳಿ ಇಡುವುದನ್ನೇ ಕಸುಬು ಮಾಡಿಕೊಂಡವರು ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದು, ಜಗುಲಿ ಮೇಲೆ ಕೂತು ನಿಮ್ಮ ಮನೆಯ ಹಿಂದಿನವರ ಹೆಸರುಗಳನ್ನು ಒಂದರ ಹಿಂದೆ ಒಂದು ಹೇಳಿ, ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಿದ್ದರು. ಒಂದೊಂದು ಹೆಳವರ ಮನೆಗೆ ಇಂತಿಷ್ಟು ಒಕ್ಕಲು ಅಂತ ಹಂಚಿಕೆ ಇರುತ್ತದೆ. ಈಗ ಕೆಲವರು ಬೈಕಿನಲ್ಲಿ ಬರುತ್ತಾರೆ, ಎಷ್ಟೋ ಮನೆಯವರು ಕಸುಬು ಬಿಟ್ಟಿದ್ದಾರೆ. ನಿಮ್ಮ ಹಿರಿಯರನ್ನು ಕೇಳಿ, ಹೆಳವರು ಯಾವ ಊರಿನಿಂದ ಬರುತ್ತಿದ್ದರು ಅಂತ. ಆ ಊರಿಗೆ ನೀವೇ ಹೋಗಿ. ಹತ್ತು ಮನೆಯವರು ಸೇರಿ ಹೋದರೆ ಅವರಿಗೂ ಒಂದು ದಿನದ ಮರ್ಯಾದೆಯ ಸಂಭಾವನೆ ಕೊಡಬಹುದು. ಸುಮ್ನೆ ಹೋಗಿ ಅವರ ಪುಸ್ತಕದ ಫೋಟೋ ಹೊಡೆದುಕೊಂಡು ಬರುವುದು ಸರಿಯಲ್ಲ, ಅದು ಅವರ ಹೊಟ್ಟೆಪಾಡು.

ಅವರು ಹೇಳಿದ್ದರಲ್ಲಿ ಹತ್ತಿರದ ಐದಾರು ತಲೆಮಾರನ್ನು ಬೇರೆ ಕಾಗದದ ಜೊತೆ ಹೋಲಿಸಬಹುದು. ಅದಕ್ಕೂ ಹಿಂದಿನದನ್ನು ಬೇರೆ ಪುಟದಲ್ಲಿ "ಹೆಳವರ ಮಾತು" ಅಂತ ಬರೆದಿಡಿ. ಹೊಗಳುವುದು ಅವರ ಕಸುಬಿನ ಭಾಗ. ಎಲ್ಲರ ಮೂಲಪುರುಷನೂ ಯಾವುದೋ ಅರಸನ ದಂಡನಾಯಕನೇ ಆಗಿದ್ದರೆ ಹೊಲ ಉಳುತ್ತಿದ್ದವರು ಯಾರು?

ಮನೆದೇವರು ಇನ್ನೊಂದು ಸುಳಿವು. ನೀವಿರುವುದು ಒಂದು ಕಡೆ, ಮನೆದೇವರು ನೂರು ಕಿಲೋಮೀಟರ್ ಆಚೆ ಇದ್ದರೆ ನಿಮ್ಮವರು ಆ ಕಡೆಯಿಂದ ಬಂದಿರುವ ಸಾಧ್ಯತೆ ಜಾಸ್ತಿ. ಆ ದೇವರ ಜಾತ್ರೆಗೆ ಗುಂಪಾಗಿ ಹೋಗಿ, ಅದೇ ದೇವರ ಒಕ್ಕಲಿನ ಬೇರೆ ಊರಿನವರನ್ನು ಮಾತಾಡಿಸಿ. ಬೆಡಗು (ಕುಲದೊಳಗಿನ ಪಂಗಡದ ಹೆಸರು) ಅಥವಾ ಗೋತ್ರ ಕೇಳಿ ಬರೆದುಕೊಳ್ಳಿ. ಕರಾವಳಿಯವರಾದರೆ ತಾಯಿ ಕಡೆಯಿಂದ ಹಿಡಿಯಬೇಕು, ಅಳಿಯಸಂತಾನದ ಮನೆಗಳಲ್ಲಿ "ಬರಿ", ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಅಪ್ಪನ ಕಡೆಯಿಂದ ಮರ ಬರೆಯುತ್ತಾ ಹೋದರೆ ಮನೆಯೇ ತಪ್ಪುತ್ತದೆ. ಕೊಡಗಿನವರು ಈ ವಿಷಯದಲ್ಲಿ ಅದೃಷ್ಟವಂತರು. ಒಕ್ಕದ, ಅಂದರೆ ಮನೆತನದ ಹೆಸರು ಇವತ್ತಿಗೂ ಹೆಸರಿನ ಜೊತೆಗೇ ಇದೆ, ಹಿರಿಯರ ಮೂಲಮನೆಯಾದ ಐನ್‌ಮನೆಯೂ ಇದೆ.

ಈಗ ಕಚೇರಿ ದಾಖಲೆ

ಇದು ತಾಳ್ಮೆಯ ಕೆಲಸ. ಈಗಿನದರಿಂದ ಹಿಂದಕ್ಕೆ ನಡೆಯಿರಿ, ಹಾರಬೇಡಿ.

ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಇವತ್ತಿನ ಪಹಣಿ ನೋಡಿ. ಅದರಲ್ಲಿ ಮ್ಯುಟೇಷನ್ (ಖಾತೆ ಬದಲಾವಣೆ) ನಂಬರ್ ಇರುತ್ತದೆ. ಆ ನಂಬರಿನ ನಕಲು ತೆಗೆಸಿದರೆ ಜಮೀನು ಹೇಗೆ ಬಂತು ಅಂತ ಗೊತ್ತಾಗುತ್ತದೆ: ಪೌತಿಯೋ, ವಿಭಾಗವೋ, ಕ್ರಯವೋ, ದಾನವೋ. ನಮಗೆ ಬೇಕಾದ್ದು ಪೌತಿ ಮತ್ತು ವಿಭಾಗ. ಪೌತಿ ಅಂದರೆ ಒಬ್ಬರು ತೀರಿಕೊಂಡು ವಾರಸುದಾರರ ಹೆಸರಿಗೆ ಬಂದಿದ್ದು, ಅಲ್ಲಿ ಮಕ್ಕಳ ಹೆಸರು ಸಾಲಾಗಿ ಸಿಗುತ್ತದೆ. ಆದರೆ ಸತ್ತ ಇಪ್ಪತ್ತು ವರ್ಷಕ್ಕೆ ಪೌತಿ ಖಾತೆ ಮಾಡಿಸುವುದು ನಮ್ಮವರ ಅಭ್ಯಾಸ. ಖಾತೆಯ ತಾರೀಕನ್ನೇ ಸಾವಿನ ತಾರೀಕು ಅಂದುಕೊಳ್ಳಬೇಡಿ. ಅದಕ್ಕೂ ಹಿಂದೆ ಕೈಬರಹದ ಪಹಣಿ, ಇನ್ನೂ ಹಿಂದೆ ಆರ್‌ಆರ್ (ಹಕ್ಕು ದಾಖಲೆ) ಮತ್ತು ಐಎಲ್ (ಜಮೀನುಗಳ ಸೂಚಿ) ಪುಸ್ತಕಗಳು. ತಾಲ್ಲೂಕು ಕಚೇರಿಗಳ ಹಳೆ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯಾ ಅಂತ ಮೊದಲು ವಿಚಾರಿಸಿ. ಗುಂಪಾಗಿದ್ದರೆ ಸರ್ವೆ ನಂಬರುಗಳನ್ನು ಹಂಚಿಕೊಂಡು ಅರ್ಜಿ ಹಾಕಿ. ಖರ್ಚೂ ಹಂಚಿಹೋಗುತ್ತದೆ.

ಹಳೆ ಮೈಸೂರಿನ ಕಾಗದದಲ್ಲಿ "ಕೆಂಚಯ್ಯ ಬಿನ್ ತಿಮ್ಮಯ್ಯ" ಅಂತ ಇರುತ್ತದೆ. ಬಿನ್ ಅಂದರೆ ಮಗ. "ಕೋಂ" ಅಂದರೆ ಹೆಂಡತಿ. ಮೊಮ್ಮಗನಿಗೆ ತಾತನ ಹೆಸರಿಡುವುದು ಪದ್ಧತಿಯಾದ್ದರಿಂದ ಕೆಂಚಯ್ಯ ಬಿನ್ ತಿಮ್ಮಯ್ಯ, ತಿಮ್ಮಯ್ಯ ಬಿನ್ ಕೆಂಚಯ್ಯ, ಮತ್ತೆ ಕೆಂಚಯ್ಯ ಬಿನ್ ತಿಮ್ಮಯ್ಯ ಹೀಗೇ ನಡೆಯುತ್ತದೆ. ನಾವು ಒಂದು ಸಲ ತಾತನನ್ನೂ ಮೊಮ್ಮಗನನ್ನೂ ಒಬ್ಬರೇ ಮಾಡಿಬಿಟ್ಟಿದ್ದೆವು. ಆ ಮನುಷ್ಯ 130 ವರ್ಷ ಬದುಕಿದ್ದಾನೆ ಅಂತ ಆದಾಗ ಎಚ್ಚರವಾಯಿತು.

ಜಮೀನೇ ಇಲ್ಲದವರ ಮನೆತನ ಹುಡುಕುವುದು ಹೇಗೆ? ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೋಟಿ, ತಳವಾರ, ನೀರಗಂಟಿ ಅಂತ ಊರಿನ ಚಾಕರಿ ಮಾಡುತ್ತಿದ್ದ ಮನೆಗಳಿಗೆ ಸೇವೆಗೆ ಬದಲಾಗಿ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಿಂದ ಆ ಹುದ್ದೆಗಳು ಹೋದವು. ಜಮೀನನ್ನು ಅದೇ ಮನೆಗಳವರಿಗೆ ಮರುಮಂಜೂರು ಮಾಡಿಕೊಡಲು ಅರ್ಜಿ, ವಿಚಾರಣೆ, ಆದೇಶ ಎಲ್ಲಾ ನಡೆಯಿತು. ಆ ಕಡತಗಳಲ್ಲಿ ಯಾರ ನಂತರ ಯಾರು ಆ ಕೆಲಸ ಮಾಡಿದರು ಅಂತ ಬರೆದಿರುತ್ತದೆ. ನಮ್ಮ ಗುಂಪಿನ ದಲಿತ ಕೇರಿಯ ಮನೆಯೊಂದಕ್ಕೆ ನಾಲ್ಕು ತಲೆಮಾರು ಸಿಕ್ಕಿದ್ದು ಇಂಥದ್ದೇ ಕಡತದಲ್ಲಿ, ಊರ ಗೌಡರ ಮನೆಗೆ ಇನ್ನೂ ಅಷ್ಟು ಸಿಕ್ಕಿರಲಿಲ್ಲ. ಗೇಣಿದಾರರ ಮನೆಯವರಾದರೆ 1974ರ ಭೂಸುಧಾರಣೆಯಲ್ಲಿ ಉಳುವ ಜಮೀನಿನ ಹಕ್ಕು ಕೇಳಿ ಹಾಕಿದ ಫಾರಂ 7 ಅರ್ಜಿ ಹುಡುಕಿ. ಭೂ ನ್ಯಾಯಮಂಡಳಿಯ ಮುಂದೆ ಎಷ್ಟು ವರ್ಷದಿಂದ ಯಾರು ಉಳುತ್ತಿದ್ದರು ಅಂತ ಕೊಟ್ಟ ಹೇಳಿಕೆಗಳೂ ಆ ಕಡತದಲ್ಲಿರುತ್ತವೆ.

ಉಪನೋಂದಣಿ ಕಚೇರಿಯಲ್ಲಿ ಎರಡು ಸೂಚಿ ಇರುತ್ತದೆ. ಒಂದನೆಯದು ಜನರ ಹೆಸರಿನದು, ಎರಡನೆಯದು ಆಸ್ತಿಯದು. ವಿಭಾಗಪತ್ರ ಸಿಕ್ಕರೆ ಹಬ್ಬ, ಅದರಲ್ಲಿ ಅಣ್ಣತಮ್ಮಂದಿರ ಹೆಸರು ವಯಸ್ಸಿನ ಸಮೇತ ಇರುತ್ತದೆ. ಪಾಲಿನ ದಾವೆ ನಡೆದ ಮನೆಯಾದರೆ ಕೋರ್ಟ್ ತೀರ್ಪಿನಲ್ಲೇ ವಂಶವೃಕ್ಷ ಬರೆದಿರುತ್ತಾರೆ. ಜಗಳ ಆಡಿದ ಮನೆಗಳ ವಂಶಾವಳಿ ಜಾಸ್ತಿ ಚೆನ್ನಾಗಿ ಉಳಿದಿರುವುದು ಒಂದು ತಮಾಷೆ. ಆದರೆ ಅದು ಗೆಲ್ಲಲು ಬರೆಸಿದ ಮರ. ಒಂದು ಕೊಂಬೆ ಬೇಕೆಂದೇ ಬಿಟ್ಟಿರಬಹುದು.

ಶಾಲೆಯ ದಾಖಲಾತಿ ಪುಸ್ತಕ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನೋಡಿ. ಹೆಸರು, ಅಪ್ಪನ ಹೆಸರು, ಊರು ನಂಬಬಹುದು. ಹುಟ್ಟಿದ ತಾರೀಕು ನಂಬಬೇಡಿ. ಜೂನ್ 1ರಂದು ಅಷ್ಟೊಂದು ಮಕ್ಕಳು ಹುಟ್ಟಲು ಸಾಧ್ಯವೇ ಇಲ್ಲ!

ನಿಮ್ಮ ಊರು 1956ಕ್ಕೆ ಮೊದಲು ಯಾರ ಆಡಳಿತದಲ್ಲಿತ್ತು ಅಂತ ತಿಳಿದುಕೊಂಡರೆ ಅರ್ಧ ಅಲೆದಾಟ ಉಳಿಯುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದವು, ಅಲ್ಲಿ ಹಳೆ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆ ಕೂಡುಬರಹದ ಲಿಪಿಯಲ್ಲಿರುತ್ತದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರದು, ಉರ್ದು ಓದುವವರು ಬೇಕು. ದಕ್ಷಿಣ ಕನ್ನಡ ಮದರಾಸಿನದು. ಉತ್ತರ ಕನ್ನಡವೂ ಮದರಾಸಿನಲ್ಲೇ ಇದ್ದು 1862ರಲ್ಲಿ ಮುಂಬೈಗೆ ಹೋಯಿತು. ರಾಜ್ಯ ಪತ್ರಾಗಾರ ಬೆಂಗಳೂರಿನ ವಿಕಾಸಸೌಧದಲ್ಲಿದೆ, ಮೈಸೂರು, ಧಾರವಾಡ, ಕಲಬುರಗಿಯಲ್ಲಿ ವಿಭಾಗೀಯ ಕಚೇರಿಗಳಿವೆ. ಅಲ್ಲಿಗೆ ಹೋಗುವ ಮುಂಚೆ ಊರು, ಹೋಬಳಿ, ತಾಲ್ಲೂಕಿನ ಹಳೆ ಹೆಸರು ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಸಿಬ್ಬಂದಿ ಏನನ್ನು ತೆಗೆದುಕೊಡಬೇಕು?

ಬಯಲುಸೀಮೆಯವರು ಒಂದು ವಿಷಯಕ್ಕೆ ಸಿದ್ಧರಾಗಿರಿ. ಬಹಳ ಮನೆಗಳ ದಾರಿ 1876-78ರ ಆಸುಪಾಸಿನಲ್ಲಿ ಕಡಿದುಹೋಗುತ್ತದೆ. ಅದು ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದಿದ್ದು 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಊರಿಗೆ ಊರೇ ಖಾಲಿಯಾಗಿ, ಬದುಕಿದವರು ಬೇರೆಲ್ಲೋ ಹೋಗಿ ಹೊಸದಾಗಿ ಒಲೆ ಹಚ್ಚಿದ ಕಾಲ. "ನಮ್ಮವರು ಎಲ್ಲಿಂದಲೋ ಬಂದು ಇಲ್ಲಿ ನಿಂತರು" ಅನ್ನುವ ಮಾತು ನಿಮ್ಮ ಮನೆಯಲ್ಲಿದ್ದರೆ ಈ ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ.

ಬರೆದಿಡುವುದು

ದೊಡ್ಡ ಹಾಳೆಯಲ್ಲಿ ಮರ ಬರೆಯಲು ಹೊರಟರೆ ಎರಡನೇ ದಿನಕ್ಕೇ ಸಿಕ್ಕಾಗುತ್ತದೆ. ಕಾರಣ ಗೊತ್ತೇ ಇದೆ: ಸೋದರಮಾವನ ಜೊತೆ ಮದುವೆ, ಅತ್ತೆಮಗಳ ಜೊತೆ ಮದುವೆ. ನಮ್ಮ ವಂಶ ಮರದ ಥರ ಇರುವುದಿಲ್ಲ, ಮೀನಿನ ಬಲೆಯ ಥರ ಇರುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ. ಒಬ್ಬ ಮನುಷ್ಯ, ಒಂದು ನಂಬರ್, ಎಷ್ಟು ಕಡೆ ಬಂದರೂ ಅದೇ. ಒಂದು ಎಕ್ಸೆಲ್ ಹಾಳೆ ಸಾಕು: ನಂಬರ್, ಹೆಸರು, ಅಪ್ಪನ ನಂಬರ್, ಅಮ್ಮನ ನಂಬರ್, ಅಮ್ಮನ ತವರೂರು, ಎಲ್ಲಿಂದ ಗೊತ್ತಾಯಿತು. ಕೊನೆಯ ಕಾಲಂ ಖಾಲಿ ಬಿಡಲೇಬಾರದು. ತಂತ್ರಾಂಶ ಬೇಕಾದರೆ ಗ್ರಾಂಪ್ಸ್ ಉಚಿತವಾಗಿ ಸಿಗುತ್ತದೆ, ಹೆಸರುಗಳನ್ನು ಕನ್ನಡದಲ್ಲೇ ಹಾಕಬಹುದು.

ಕಾಗದ ನೋಡಿದ್ದಕ್ಕೆ ನೀಲಿ, ಬಾಯಿಮಾತಿಗೆ ಕೆಂಪು, ನಮ್ಮ ಊಹೆಗೆ ಪೆನ್ಸಿಲ್. ನಾವು ಇಷ್ಟೇ ಮಾಡಿದ್ದು.

ತಿಂಗಳ ಭಾನುವಾರಗಳಲ್ಲಿ ಏನು ಮಾಡಬಹುದು

ಬರೀ ಮಾತಾಡಿದರೆ ಮೂರನೇ ತಿಂಗಳಿಗೆ ಜನ ಬರುವುದಿಲ್ಲ. ಒಂದು ತಿಂಗಳು ಓದುವ ದಿನ: ಎಲ್ಲರೂ ಒಂದೊಂದು ಹಳೆ ಪತ್ರ ತಂದು ಕೂಡಿ ಓದುವುದು. ಇನ್ನೊಂದು ತಿಂಗಳು ಕಲ್ಲಿನ ದಿನ: ದೇವಸ್ಥಾನದ ಗೋಡೆಯ ದಾನಿಗಳ ಪಟ್ಟಿ, ಗದ್ದಿಗೆ, ಸಮಾಧಿ, ವೀರಗಲ್ಲು, ಮಾಸ್ತಿಗಲ್ಲುಗಳ ಫೋಟೋ ತೆಗೆದು ಬರಹ ನಕಲು ಮಾಡುವುದು. ಕಲ್ಲಿಗೆ ಸುಣ್ಣ, ಅರಿಶಿನ ಬಳಿಯಬೇಡಿ, ಸಂಜೆಯ ಅಡ್ಡಬಿಸಿಲಿನಲ್ಲಿ ಅಕ್ಷರ ತಾನೇ ಕಾಣುತ್ತದೆ. ಹೋಗುವ ಮುಂಚೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ತಾಲ್ಲೂಕು ನೋಡಿ. ತುಮಕೂರು ಜಿಲ್ಲೆಯದು 12ನೇ ಸಂಪುಟ. ವೀರಗಲ್ಲಿನ ವೀರ ನಿಮ್ಮ ಪೂರ್ವಜ ಅಂತ ಹೇಳಲು ಆಧಾರ ಸಿಗುವುದು ತೀರಾ ಕಡಿಮೆ. ಆದರೆ ಊರಿನ ಹೆಸರು ಆಗ ಹೇಗಿತ್ತು ಅಂತ ಗೊತ್ತಾಗುತ್ತದೆ, ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಹಿರಿಯರ ಹಬ್ಬದ ಹಿಂದಿನ ಭಾನುವಾರ ನಮ್ಮಲ್ಲಿ ಜಾಸ್ತಿ ಜನ. ಎಡೆ ಇಡುವಾಗ ಯಾರ್‍ಯಾರ ಹೆಸರು ಹೇಳುತ್ತೀರಿ ಅಂತ ಪ್ರತಿ ಮನೆಯಿಂದ ಬರೆದುಕೊಂಡೆವು. ಮಕ್ಕಳಿಲ್ಲದೆ ತೀರಿಕೊಂಡ ಒಬ್ಬ ಅತ್ತೆಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ, ಎಡೆಯಲ್ಲಿ ಇತ್ತು.

ಹುಷಾರಾಗಿರಬೇಕಾದ ಕಡೆ

ಎರಡನೇ ಸಂಬಂಧ, ದತ್ತು, ಜೀತ, ಬೇರೆ ಜಾತಿಯ ಮದುವೆ ಎಲ್ಲಾ ಹೊರಗೆ ಬರುತ್ತವೆ. ಬಂದೇ ಬರುತ್ತವೆ. ಆ ಮನೆಯವರಿಗೆ ಮೊದಲು ಹೇಳಿ, ಅವರು ಬೇಡ ಅಂದರೆ ಅಚ್ಚಿಗೆ ಹಾಕಬೇಡಿ, ನೋಟ್‌ಬುಕ್‌ನಲ್ಲಿ ಮಾತ್ರ ಇರಲಿ. ಬದುಕಿರುವವರ ಹುಟ್ಟಿದ ದಿನ, ಫೋನ್ ನಂಬರ್ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು. ವಂಶಾವಳಿ ಹಾಳೆಯನ್ನು ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರಕ್ಕೆ ಆಧಾರವಾಗಿ ಕೊಡಿ ಅಂತ ಯಾರಾದರೂ ಬಂದರೆ ನಯವಾಗಿ ಇಲ್ಲ ಅನ್ನಿ. ಅದು ಬೇರೆ ಕೆಲಸ, ಅದಕ್ಕೆ ಸ್ಥಳ ವಿಚಾರಣೆ ಇದೆ.

ಮೂರು ವರ್ಷವಾದ ಮೇಲೆ ಒಂದು ಚಿಕ್ಕ ಪುಸ್ತಕ ಮಾಡಿ, ಪೂರ್ತಿಯಾಗಲಿ ಅಂತ ಕಾಯಬೇಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಶಾಲೆಗೆ, ಒಂದೊಂದು ಆ ಹತ್ತು ಮನೆಗೆ. ಕೊನೆಯಲ್ಲಿ ಎಂಟು ಪುಟ ಖಾಲಿ ಬಿಡಿ. ನಾವು ಎರಡೇ ಪುಟ ಬಿಟ್ಟಿದ್ದೆವು. ಪುಸ್ತಕ ಹಂಚಿದ ದಿನ ಸಂಜೆಯೊಳಗೆ ಹದಿನೇಳು ತಿದ್ದುಪಡಿ ಬಂದವು, ಅದರಲ್ಲಿ ಒಂಬತ್ತು ನಮ್ಮ ಮನೆಯ ಪುಟದ್ದೇ.